ಸದ್ದಿಲ್ಲದ ಜಗಳ

ಅಕ್ಕ ತಮ್ಮನ ಮುಂಗೈಗೆ ಹಲ್ಲು ಊರಿದ್ದಳು. ತಮ್ಮ ಇನ್ನೊಂದು ಕೈಯಲ್ಲಿ ಅವಳ ಜಡೆ ಹಿಡಿದು ತಲೆಯನ್ನು ಮೇಜಿನ ಅಂಚಿಗೆ ಬಡಿಯುತ್ತಿದ್ದ. ನಾನು ಚಿತ್ರದ ಕಾರ್ಡುಗಳನ್ನು ತೆಗೆಯಲು ಕಪಾಟಿನ ಕಡೆ ತಿರುಗಿದ್ದೆ. ಮೇಜು ಅಲುಗುವ ಸದ್ದು ಕೇಳಿ ಯಾರೋ ಕಾಲು ಆಡಿಸುತ್ತಿದ್ದಾರೆ ಎಂದುಕೊಂಡೆ. ಮತ್ತೆ ಇತ್ತ ನೋಡಿದಾಗ ಆಟದ ಹಲಗೆಯ ಮೇಲೆ ರಕ್ತ ಹನಿದಿತ್ತು.

ಕಚ್ಚಿದ ಬಾಯಿಂದ ಕೈಯನ್ನು ಹೊರಗೆ ಎಳೆಯಬಾರದು, ಒಳಕ್ಕೇ ಒತ್ತಬೇಕು. ಆಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಊರಿನಲ್ಲಿ ವಿಶೇಷ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದ್ದರಿಂದ ನನಗೆ ಅಷ್ಟು ಗೊತ್ತಿತ್ತು. ಇಬ್ಬರನ್ನೂ ಬಿಡಿಸಿದೆ. ಹುಡುಗನ ಕೈಯಲ್ಲಿ ಹಲ್ಲಿನ ಗುರುತು ಅರ್ಧಚಂದ್ರದ ಹಾಗೆ ಮೂಡಿತ್ತು, ಹುಡುಗಿಯ ಹುಬ್ಬಿನ ಮೇಲೆ ಬುಗುಟು ಎದ್ದಿತ್ತು. ಇಬ್ಬರ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಆದರೆ ಒಂದು ಬಿಕ್ಕಳಿಕೆ ಇಲ್ಲ, ಒಂದು 'ಅಮ್ಮಾ' ಇಲ್ಲ. ಮಕ್ಕಳ ಜಗಳ ನಾನು ಬೇಕಾದಷ್ಟು ನೋಡಿದ್ದೇನೆ. ಸದ್ದಿಲ್ಲದ ಜಗಳ ನೋಡಿದ್ದು ಅದೇ ಮೊದಲು. ರಕ್ತಕ್ಕಿಂತ ಹೆಚ್ಚಾಗಿ ಅದು ನನ್ನನ್ನು ಹೆದರಿಸಿತು.

ನಾವಿದ್ದ ಕೊಲ್ಲಿ ದೇಶದ ಅಬ್ಬಾಸಿಯಾದಲ್ಲಿ ಒಂದು ಬಕಾಲದ, ಅಂದರೆ ದಿನಸಿ ಅಂಗಡಿಯ, ಮೇಲಿನ ಮಹಡಿಯಲ್ಲಿ ನಮ್ಮ ಕಲಿಕಾ ಕೇಂದ್ರ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಗಣಿತಕ್ಕೆ, ಅರೇಬಿಕ್‌ಗೆ ಬರುತ್ತಿದ್ದರು. ಬೀದಿಯ ಕಡೆಗಿನ ಸಣ್ಣ ಕೋಣೆ ನನ್ನದು. ಮಾತನಾಡಲು, ಸರದಿ ಕಾಯಲು, ಇನ್ನೊಬ್ಬರ ಜೊತೆ ಆಡಲು ಕಷ್ಟವಾಗುವ ಮಕ್ಕಳನ್ನು ನಾಲ್ಕೈದು ಮಂದಿಯ ಗುಂಪು ಮಾಡಿ ಕೂರಿಸಿ ಮಾತು ಕಲಿಸುವುದು ನನ್ನ ಕೆಲಸ. ಆ ಗುಂಪಿನಲ್ಲಿ ನಾಲ್ವರಿದ್ದರು. ಒಬ್ಬ ಹುಡುಗನಿಗೆ ವಿಮಾನ ಬಿಟ್ಟರೆ ಬೇರೆ ಮಾತಿಲ್ಲ. ಎದುರಿನವರು ಕೇಳುತ್ತಿದ್ದಾರೋ ಇಲ್ಲವೋ ಎಂಬ ಚಿಂತೆಯೂ ಇಲ್ಲ. ಒಬ್ಬಳು ಹುಡುಗಿ ಎಲ್ಲದಕ್ಕೂ ತಲೆಯಾಡಿಸುವವಳು, ತುಟಿ ತೆರೆಯುವವಳಲ್ಲ. ಉಳಿದಿಬ್ಬರು ಈ ಅಕ್ಕ ತಮ್ಮ. ಒಂದು ವರ್ಷದ ಅಂತರ, ನೋಡಿದರೆ ಅವಳಿ ಎನ್ನಬೇಕು. ಪುತ್ತೂರು ಕಡೆಯ ಬ್ಯಾರಿ ಮನೆಯವರು. ಮಕ್ಕಳು ಹೊಡೆಯುತ್ತಾರೆ, ಕೇಳಿದರೆ ಉತ್ತರ ಕೊಡುವುದಿಲ್ಲ, ಬುದ್ಧಿ ಸ್ವಲ್ಪ ಕಡಿಮೆ ಇರಬಹುದು ಎಂದು ಶಾಲೆಯವರು ತಾಯಿಗೆ ಹೇಳಿ ಕಳಿಸಿದ್ದರು.

ಬುದ್ಧಿ ಕಡಿಮೆ ಇರಲಿಲ್ಲ. ಎರಡೇ ವಾರದಲ್ಲಿ ನನಗೆ ಅದು ಗೊತ್ತಾಯಿತು. ಅಕ್ಕ ಹುಬ್ಬು ಏರಿಸಿದರೆ ತಮ್ಮನಿಗೆ ಅದರ ಅರ್ಥ ತಿಳಿಯುತ್ತಿತ್ತು. ತಮ್ಮ ಬೆರಳು ಮಡಚಿದರೆ ಅಕ್ಕ ಬಣ್ಣದ ಪೆನ್ಸಿಲ್ ಕೊಡುತ್ತಿದ್ದಳು. ಕೊಡದಿದ್ದರೆ ಹೊಡೆತ. ಅವರಿಬ್ಬರ ನಡುವೆ ಸಂಜ್ಞೆ ಮುಗಿದಲ್ಲಿ ಕೈ ಶುರುವಾಗುತ್ತಿತ್ತು, ಮಧ್ಯದಲ್ಲಿ ಇರಬೇಕಾದ ಮಾತು ಇರಲೇ ಇಲ್ಲ. ಒಮ್ಮೆ ತಮ್ಮ ಮರದ ರೈಲಿನ ಎಂಜಿನ್ ಎತ್ತಿ ವಿಮಾನದ ಹುಡುಗನ ನೆತ್ತಿಗೆ ಕುಕ್ಕಿದ. ಆ ಹುಡುಗ ತಲೆ ಹಿಡಿದುಕೊಂಡು ಅಂಗಡಿಯವನಿಗೆ ಕೇಳುವಷ್ಟು ಜೋರಾಗಿ ಅತ್ತ. ಹೊಡೆದವನು ಅವನನ್ನೇ ನೋಡುತ್ತ ನಿಂತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇಷ್ಟು ದೊಡ್ಡ ಸದ್ದು ಮಾಡಿಯೂ ಇವನಿಗೆ ಏನೂ ಆಗಲಿಲ್ಲವಲ್ಲ ಎಂಬ ಬೆರಗಿತ್ತು. ಇನ್ನೊಮ್ಮೆ ಅಕ್ಕ ಎಸೆದ ಕುರ್ಚಿ ನನ್ನ ಬಾಯಿಗೆ ತಾಗಿ ಕೆಳತುಟಿ ಸೀಳಿತು. ಆ ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ಇಗರ್ಜಿಯಲ್ಲಿ ಪರಿಚಯದವರು ನನ್ನ ಮುಖ ನೋಡಿ, ಆಮೇಲೆ ನನ್ನ ಗಂಡನ ಮುಖ ನೋಡಿದರು. ಗಂಡ ಕಸಿವಿಸಿಪಟ್ಟು, ಮನೆಗೆ ಬಂದ ಮೇಲೆ ಈ ಕೆಲಸ ಸಾಕು ಅಂದರು.

ನಾನು ತಾಯಿಯನ್ನು ಕರೆದು ಕೂರಿಸಿ ಕೇಳಿದೆ. ಕಪ್ಪು ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿ ಆಕೆ ನಿಧಾನವಾಗಿ ಹೇಳುತ್ತ ಹೋದರು. ಗಂಡ ಶುವೈಖ್ ಬಂದರಿನಿಂದ ಟ್ರೇಲರ್ ಓಡಿಸುವವರು. ರಾತ್ರಿಯೆಲ್ಲ ಸ್ಟಿಯರಿಂಗ್ ಹಿಂದೆ ಕೂತು ಬೆಳಿಗ್ಗೆ ಬಂದು ಮಲಗಿದರೆ ಸಂಜೆ ಏಳುವುದು. ಫ್ಲ್ಯಾಟಿನಲ್ಲಿ ಎರಡು ಸಂಸಾರ. ಒಂದು ಕೋಣೆ ಇವರದ್ದು, ಇನ್ನೊಂದು ಕೋಣೆ ಬೇಕರಿಯಲ್ಲಿ ಕೆಲಸ ಮಾಡುವವರದ್ದು. ಅವರೂ ನಸುಕಿಗೆ ಎದ್ದು ಹೋಗಿ ಮಧ್ಯಾಹ್ನದ ಮೇಲೆ ಮಲಗುವವರು. ಫ್ಲ್ಯಾಟ್ ಇರುವುದು ಬೇಕರಿಯವರ ಹೆಸರಿನಲ್ಲಿ. ಹೀಗಾಗಿ ಹಗಲು ಹೊತ್ತು ಆ ಮನೆಯಲ್ಲಿ ಯಾರಾದರೂ ಒಬ್ಬರು ನಿದ್ರೆಯಲ್ಲಿ ಇದ್ದೇ ಇರುತ್ತಿದ್ದರು. ಎದ್ದರೆ ಬೈಗುಳ. ಮಕ್ಕಳು ತೊಟ್ಟಿಲಿನಲ್ಲಿದ್ದಾಗಿನಿಂದ ಆಕೆ ಅವರ ಬಾಯಿಗೆ ಅಂಗೈ ಒತ್ತಿಯೇ ಬೆಳೆಸಿದ್ದರು. ತುಸು ದೊಡ್ಡವರಾದ ಮೇಲೆ ಚಿವುಟುವುದು: ತೊಡೆಗೆ ಚಿವುಟಿದರೆ ಸುಮ್ಮನಿರು ಎಂದು, ತೋಳಿಗೆ ಚಿವುಟಿದರೆ ಒಳಗೆ ಹೋಗು ಎಂದು.

"ಹೊಡೆಯುವಾಗ ನಾನು ನೋಡಿದ್ದುಂಟು ಟೀಚರ್," ಅಂದರು. "ಸದ್ದು ಇಲ್ಲವಲ್ಲ ಅಂತ ಸುಮ್ಮನಿದ್ದೆ."

ನಾಲ್ಕು ಗೋಡೆಯೊಳಗೆ ಎರಡು ಸಂಸಾರದ ನಿದ್ರೆ ಕಾಯುವ ಹೆಂಗಸು ಆಕೆ.

ಆವತ್ತಿನಿಂದ ಆ ಗುಂಪಿಗೆ ನಾನು ಜಗಳ ಕಲಿಸಲು ಶುರು ಮಾಡಿದೆ. ನಮಸ್ಕಾರ, ಥ್ಯಾಂಕ್ಯೂ, ನಿನ್ನ ಹೆಸರೇನು, ಎಲ್ಲವನ್ನೂ ಬದಿಗಿಟ್ಟೆ. ನೆಲಕ್ಕೆ ಚಾಪೆ ಹಾಸಿ ನಡುವೆ ಒಂದೇ ಒಂದು ಮೆತ್ತನೆಯ ದಿಂಬು ಇಡುತ್ತಿದ್ದೆ. ಅದು ಯಾರಿಗೆ ಬೇಕೋ ಅವರು ಬಾಯಲ್ಲಿ ಕೇಳಬೇಕು, ಬೇಡ ಅನ್ನುವವರು ಬಾಯಲ್ಲೇ ಬೇಡ ಅನ್ನಬೇಕು. ಕೈಗಳೆರಡೂ ಬೆನ್ನ ಹಿಂದೆ ಇರಬೇಕು. ನಿಯಮ ಅಷ್ಟೇ. ಮೊದಮೊದಲು ಅಕ್ಕ ತಮ್ಮ ಇಬ್ಬರೂ ಕೈ ಹಿಂದಿಟ್ಟು ತಲೆಯಿಂದಲೇ ಗುದ್ದಾಡಿದರು. ತಮ್ಮನ ಮೂಗಿನಿಂದ ರಕ್ತ ಬಂತು. ಕಾಲಿನಿಂದ ಒದ್ದರು, ಮೊಣಕಾಲಿನಿಂದ ತಿವಿದರು. ನಾನು ಮಧ್ಯೆ ಕೂತು ತೊಡೆ, ಕೈ, ಭುಜದ ಮೇಲೆಲ್ಲ ಪೆಟ್ಟು ತಿಂದೆ.

ಮೊದಲು ಬಾಯಿ ಬಿಟ್ಟವರು ಇವರಿಬ್ಬರೂ ಅಲ್ಲ, ತಲೆಯಾಡಿಸುವ ಹುಡುಗಿ. ಒಂದು ದಿನ ದಿಂಬಿಗಾಗಿ ನಡೆದ ಕಿತ್ತಾಟದಲ್ಲಿ ಅಕ್ಕ ಅವಳ ಹೊಟ್ಟೆಗೆ ಒದ್ದಳು. ಅವಳು ಬಗ್ಗಿ ಹೊಟ್ಟೆ ಹಿಡಿದು, ಕಿವಿ ಗುಂಯ್‌ಗುಡುವಂತೆ "ಬೇಡ" ಎಂದು ಕೂಗಿದಳು. ವಿಮಾನದ ಹುಡುಗ ಕೂಡ ಮಾತು ನಿಲ್ಲಿಸಿದ. ಒದ್ದವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಒಂದು ಮಾತಿಗೆ ಒಂದು ಕಾಲು ಹಿಂದೆ ಸರಿಯುವುದನ್ನು ಅವಳು ತನ್ನ ಮೈಯಲ್ಲೇ ಕಂಡಳು. ಮುಂದಿನ ವಾರ ತಮ್ಮ ದಿಂಬಿಗೆ ಕೈ ಹಾಕಿದಾಗ ಅಕ್ಕನ ಗಂಟಲಿನಿಂದ ತುಕ್ಕು ಹಿಡಿದ ಬಾಗಿಲು ತೆರೆದಂಥ ಸ್ವರ ಬಂತು: "ನನ್ನದು."

ಅಲ್ಲಿಂದ ತಡವಾಗಲಿಲ್ಲ. ಶಾಲೆಯ ಇಂಗ್ಲಿಷು, ಮನೆಯ ಬ್ಯಾರಿ, ನನ್ನ ಕನ್ನಡ, ಕೆಳಗಿನ ಅಂಗಡಿಯ ಹಿಂದಿ, ಸಿಕ್ಕ ಸಿಕ್ಕ ಭಾಷೆಯಲ್ಲಿ ಇಬ್ಬರೂ ಜಗಳವಾಡತೊಡಗಿದರು. ಹೊಡೆತ ಪೂರ್ತಿ ನಿಲ್ಲಲಿಲ್ಲ, ಆದರೆ ಹೊಡೆಯುವ ಮೊದಲು ಏನಾದರೂ ಒಂದು ಮಾತು ಬರುತ್ತಿತ್ತು. ಆ ಮಾತಿಗೆ ಉತ್ತರ ಬಂದರೆ ಎಷ್ಟೋ ಸಲ ಕೈ ಏಳುತ್ತಿರಲಿಲ್ಲ. ವಿಮಾನದ ಹುಡುಗ, ತನ್ನ ನೆತ್ತಿಗೆ ಎಂಜಿನ್ ಕುಕ್ಕಿದ್ದನ್ನು ಮರೆತು, ತಮ್ಮನನ್ನೇ ಕೋ-ಪೈಲಟ್ ಮಾಡಿಕೊಂಡ. ನನಗೆ ಬಹಳ ಸಂತೋಷವಾಗಿತ್ತು. ಗಂಡನಿಗೆ ದಿನಾ ಹೇಳುತ್ತಿದ್ದೆ.

ಒಂದು ಸಂಜೆ ಅಕ್ಕ ಬಂದಾಗ ಅವಳ ಎಡಗೆನ್ನೆಯಲ್ಲಿ ಬೆರಳಿನ ಬರೆಗಳಿದ್ದವು. ಕಿವಿ ಕೆಂಪಾಗಿ ಊದಿತ್ತು. ದಿಂಬು ಇಟ್ಟರೂ ಅವಳು ಮುಟ್ಟಲಿಲ್ಲ. ಹೇಗೆ ಕೇಳುವುದು ಎಂದು ನಾನು ಯೋಚಿಸುತ್ತಿರುವಾಗಲೇ ವಿಮಾನದ ಹುಡುಗ ನೇರವಾಗಿ, ನಿನಗೆ ಹೊಡೆದದ್ದು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ. ಪಕ್ಕದ ಕೋಣೆಯ ಅಂಕಲ್ ಅಂದಳು. ಯಾಕೆ ಅಂದ. ಮಾತಾಡಿದ್ದಕ್ಕೆ ಅಂದಳು.

ಕರೆದುಕೊಂಡು ಹೋಗಲು ಬಂದ ತಾಯಿಯನ್ನು ನಾನು ಮೆಟ್ಟಿಲ ಬಳಿ ತಡೆದೆ. ಅವರೇ ಮೊದಲು ಮಾತಾಡಿದರು. ಸ್ವರ ಎತ್ತರಿಸಲಿಲ್ಲ, ಆಕೆಗೆ ಅದು ಅಭ್ಯಾಸವಿರಲಿಲ್ಲ. "ನೀವು ಬಾಯಿ ಬಿಡಿಸಿದ್ರಿ ಟೀಚರ್. ಈಗ ಮುಚ್ಚಲಿಕ್ಕೆ ನನ್ನಿಂದ ಆಗುದಿಲ್ಲ."

ಬೇಕರಿಯವರು ಕೆಟ್ಟವರಲ್ಲ ಎಂದೂ ಹೇಳಿದರು. ಬಿಸಿ ಕುಬೂಸ್ ರೊಟ್ಟಿ ತಂದು ಮಕ್ಕಳಿಗೆ ಕೊಡುತ್ತಿದ್ದವರು. ಆದರೆ ಈಗ ದಿನಾ ಮಧ್ಯಾಹ್ನ ಪೆನ್ಸಿಲಿಗೆ, ಚಾರ್ಜರಿಗೆ, ಕಿಟಕಿಯ ಪಕ್ಕದ ಜಾಗಕ್ಕೆ ಜಗಳ. ಅವರ ನಿದ್ರೆ ಹಾಳು. ಮೊದಲು ಬೈದರು, ಆಮೇಲೆ ಬಾಗಿಲಿಗೆ ಒದ್ದರು, ಈಗ ಕೈ ಮಾಡಿದ್ದಾರೆ. ಬಾಗಿಲು ಮುಚ್ಚಿ ಗಾಢವಾಗಿ ನಿದ್ರಿಸುವ ಗಂಡನಿಗೆ ಇದ್ಯಾವುದೂ ಗೊತ್ತಿಲ್ಲ. ಹೇಳಿದರೆ ಏನಾಗುತ್ತದೋ ಎಂಬ ಭಯ. ಮಕ್ಕಳಿಗೆ ಮನೆಯಲ್ಲಿ ಸುಮ್ಮನಿರಲು ನೀವೇ ಹೇಳಿ ಎಂದು ಆಕೆ ನನ್ನ ಕೈ ಹಿಡಿದರು. ಕೆನ್ನೆಯ ಬರೆ ನೋಡಿದ ಮೇಲೆ ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ನಾನೇ ಬಂದು ಅವರ ಹತ್ತಿರ ಮಾತಾಡುತ್ತೇನೆ ಅಂದೆ. ರಾತ್ರಿ ಊಟದ ಹೊತ್ತಿಗೆ ಗಂಡ ಬೇಡವೆಂದರು. ಇನ್ನೊಬ್ಬರ ಫ್ಲ್ಯಾಟಿನ ಜಗಳ ಪೊಲೀಸ್ ತನಕ ಹೋದರೆ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದಾಗಿ ಸಂಸಾರ ಸಮೇತ ವಿಮಾನ ಹತ್ತಬೇಕಾದೀತು, ಅವರದ್ದೂ ನಮ್ಮದೂ, ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಆದರೂ ಮರುವಾರ ತರಗತಿ ಮುಗಿದ ಮೇಲೆ ತಾಯಿ ಮಕ್ಕಳ ಜೊತೆ ನಾನೂ ಹೋದೆ. ಹಿಂದಿನ ಬೀದಿಯಲ್ಲೇ ಅವರ ಕಟ್ಟಡ. ಬೇಕರಿಯವರು ಎದ್ದಿರುವ ಹೊತ್ತು ಎಂದು ತಾಯಿ ಹೇಳಿದ್ದರು. ಅವರು ಎದ್ದಿರಲಿಲ್ಲ. ಆವತ್ತು ಡಬಲ್ ಡ್ಯೂಟಿ ಮುಗಿಸಿ ತಡವಾಗಿ ಬಂದು ಆಗಷ್ಟೇ ಕಣ್ಣು ಮುಚ್ಚಿದ್ದರು ಎಂದು ಆಮೇಲೆ ತಿಳಿಯಿತು. ಒಳಗೆ ಕಾಲಿಟ್ಟ ಕೂಡಲೇ ಅಕ್ಕ ತಮ್ಮನಿಗೆ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆ ಯಾರಿಗೆ ಎಂದು ಮಾತು ಬೆಳೆಯಿತು. ನಿನ್ನೆ ನೀನು ಇಟ್ಟಿದ್ದೆ, ಇವತ್ತು ನಾನು ಎಂದು ಅವನು; ನಾನು ದೊಡ್ಡವಳು ಎಂದು ಅವಳು. ಕೈ ಯಾರೂ ಎತ್ತಲಿಲ್ಲ. ನಾನು ಕಲಿಸಿದ ಹಾಗೆಯೇ ಇತ್ತು.

ಎದುರಿನ ಕೋಣೆಯ ಬಾಗಿಲು ಧಡಾರನೆ ತೆರೆದು ಬನಿಯನ್ನಿನಲ್ಲಿ ಒಬ್ಬ ದಪ್ಪ ಗಂಡಸು ಹೊರಗೆ ಬಂದರು. ಕಣ್ಣು ಕೆಂಡದ ಹಾಗೆ ಇತ್ತು. ನಾನು ನಮಸ್ಕಾರ ಅನ್ನುವಷ್ಟರಲ್ಲಿ ಹುಡುಗನ ಕತ್ತಿನ ಹಿಂಭಾಗ ಹಿಡಿದು ಬಾಗಿಲ ಚೌಕಟ್ಟಿಗೆ ಕುಟ್ಟಿದರು. ಮತ್ತೆ ಕುಟ್ಟಿದರು. ತೆಂಗಿನಕಾಯಿ ಒಡೆದ ಸದ್ದು. ಹುಡುಗ ಹಳೆಯ ಅಭ್ಯಾಸದಂತೆ ತುಟಿ ಕಚ್ಚಿಕೊಂಡ.

ಅಕ್ಕ ಮುಂದೆ ಬಂದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವರ ಹೊಟ್ಟೆಯ ಎತ್ತರಕ್ಕೂ ಇಲ್ಲದ ಹುಡುಗಿ ತಲೆಯೆತ್ತಿ, ಚಾಪೆಯ ಮೇಲೆ ಹೇಳುವಂತೆಯೇ ಹೇಳಿದಳು. "ಬೇಡ. ಅವನನ್ನು ಬಿಡಿ."

ಅವರು ಬಿಟ್ಟರು. ಬಿಟ್ಟು, ಅದೇ ಕೈಯನ್ನು ಬೀಸಿ ಅವಳ ಕಿವಿಗೆ ಹೊಡೆದರು. ಕೈ ಹಿಂದಿದ್ದ ಕಾರಣ ಅವಳಿಗೆ ತಡೆದುಕೊಳ್ಳಲು ಏನೂ ಇರಲಿಲ್ಲ. ಕಡಿದ ಬಾಳೆಯ ಹಾಗೆ ಪಕ್ಕಕ್ಕೆ ಬಿದ್ದಳು.

ಆಮೇಲೆ ನಾನು ಏನು ಮಾಡಿದೆ ಎಂಬುದು ಸರಿಯಾಗಿ ನೆನಪಿಲ್ಲ. ಅವರ ತೋಳಿಗೆ ಜೋತುಬಿದ್ದಿರಬೇಕು. ಅವರು ಕೊಡವಿದ ರಭಸಕ್ಕೆ ನನ್ನ ಹಣೆ ಗ್ಯಾಸ್ ಸಿಲಿಂಡರಿನ ಹಿಡಿಗೆ ಬಡಿಯಿತು. ಒಂದು ಕಣ್ಣಿಗೆ ಬೆಚ್ಚಗೆ ಏನೋ ಇಳಿದು ಅರ್ಧ ಮನೆ ಕಾಣದಾಯಿತು. ಉಳಿದ ಕಣ್ಣಿನಲ್ಲಿ ನೋಡಿದ್ದು ಹೇಳುತ್ತೇನೆ. ಇತ್ತ ಕಡೆಯ ಬಾಗಿಲು ತೆರೆದು ಲುಂಗಿ ಉಟ್ಟ ತೆಳ್ಳಗಿನ ಮನುಷ್ಯರೊಬ್ಬರು ಬಂದರು. ಮಕ್ಕಳ ತಂದೆ. ನಾನು ಅವರನ್ನು ನೋಡಿದ್ದು ಅದೇ ಮೊದಲು. ಅವರು ನೆಲದ ಮೇಲಿದ್ದ ಮಗಳನ್ನು ನೋಡಿದರು, ಮಗನ ಹಣೆ ನೋಡಿದರು. ಏನು, ಯಾಕೆ ಎಂದು ಕೇಳಲಿಲ್ಲ. ಬಾಯಿಯನ್ನೇ ತೆರೆಯಲಿಲ್ಲ.

ಬೇಕರಿಯವರ ಕಾಲು ಸೆಳೆದು ಕೆಡವಿ ಎದೆಯ ಮೇಲೆ ಕೂತು ಹೊಡೆಯತೊಡಗಿದರು. ಮುಷ್ಟಿಯಿಂದ ಮುಖಕ್ಕೆ, ಒಂದಾದ ಮೇಲೊಂದು, ಕೆಲಸ ಮಾಡುವವರ ಹಾಗೆ. ಕೆಳಗಿದ್ದವರು ಮೊದಲು ಬೈದರು, ಆಮೇಲೆ ಕೂಗಿದರು, ಆಮೇಲೆ ಗೊಳಗೊಳ ಎಂದರು. ಹಲ್ಲೊಂದು ಟೈಲ್ಸ್ ಮೇಲೆ ಜಾರಿ ಬಂತು. ಬೇಕರಿಯವರ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ಪ್ರೆಶರ್ ಕುಕ್ಕರಿನ ಮುಚ್ಚಳದಿಂದ ಡ್ರೈವರರ ಬೆನ್ನಿಗೆ, ತಲೆಗೆ ಬಾರಿಸಿದರು. ಕಿವಿಯ ಹಿಂದೆ ಒಡೆದು ರಕ್ತ ಹರಿದರೂ ಅವರು ತಿರುಗಲಿಲ್ಲ. ನಾನೂ ತಾಯಿಯೂ ಭುಜ ಹಿಡಿದು ಎಳೆದೆವು. ಎದುರು ಫ್ಲ್ಯಾಟಿನ ಮಲಯಾಳಿ ಭಾಯಿ ಬಂದು ಸೊಂಟ ಹಿಡಿದು ಎಳೆದರು. ಮಕ್ಕಳ ತಂದೆ ಕಲ್ಲಿನ ಹಾಗೆ ಕೂತಿದ್ದರು. ಕೈ ಮಾತ್ರ ಏಳುತ್ತಿತ್ತು, ಇಳಿಯುತ್ತಿತ್ತು. ಈ ಮನುಷ್ಯ ಸಾಯುತ್ತಾನೆ, ಇವರು ಜೈಲಿಗೆ ಹೋಗುತ್ತಾರೆ, ಇಲ್ಲಿಗೆ ಎಲ್ಲ ಖಲಾಸ್ ಎಂದುಕೊಂಡೆ.

ಹುಡುಗಿ ಗೋಡೆ ಹಿಡಿದು ಎದ್ದಳು. ಓಲಾಡುತ್ತ ಬಂದು ಅಪ್ಪನ ಮುಖಕ್ಕೆ ಮುಖ ತಂದು, ಆ ಒಡೆದ ಗಂಟಲಿನಿಂದ ಕಟ್ಟಡವೆಲ್ಲ ಕೇಳುವಂತೆ "ಬಾಪಾ, ಸಾಕು" ಎಂದು ಕಿರುಚಿದಳು. ಮತ್ತೆ ಮತ್ತೆ ಕಿರುಚಿದಳು.

ಎತ್ತಿದ ಕೈ ಗಾಳಿಯಲ್ಲಿ ನಿಂತಿತು. ಅವರು ಮಗಳನ್ನು ಗುರುತು ಸಿಗದವರಂತೆ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ಬ್ಯಾರಿಯಲ್ಲಿ ಏನೋ ಕೇಳಿದರು. ಇದು ಇವಳ ಸ್ವರವಾ ಎಂದು ಅವರು ಕೇಳಿದ್ದು ಎಂದು ತಾಯಿ ನನಗೆ ಬಹಳ ದಿನದ ಮೇಲೆ ಹೇಳಿದರು.

ಪೊಲೀಸರನ್ನು ಯಾರೂ ಕರೆಯಲಿಲ್ಲ. ಮಲಯಾಳಿ ಭಾಯಿ ಬಾಗಿಲು ಹಾಕಿ ಚಿಲಕ ಇಟ್ಟರು. ಕ್ಲಿನಿಕ್‌ನಲ್ಲಿ ಒಬ್ಬರು ಮೆಟ್ಟಿಲಿನಿಂದ ಬಿದ್ದವರಾದರು, ಇನ್ನೊಬ್ಬರು ಬಾತ್‌ರೂಮಿನಲ್ಲಿ ಜಾರಿದವರಾದರು, ನಾನು ಕಪಾಟಿಗೆ ಹಣೆ ಬಡಿಸಿಕೊಂಡವಳಾದೆ. ನನ್ನ ಹುಬ್ಬಿಗೆ ಹೊಲಿಗೆ ಬಿತ್ತು. ಹುಡುಗನ ಹಣೆಯ ಗಾಯ ಬೇಗ ಒಣಗಿತು. ಹುಡುಗಿಯ ಎಡಗಿವಿಯ ತಮಟೆ ಹರಿದಿತ್ತು. ತಾನಾಗಿ ಕೂಡಿಕೊಳ್ಳುತ್ತದೆ, ನೀರು ತಾಗಿಸಬೇಡಿ ಎಂದು ವೈದ್ಯೆ ಹೇಳಿದರು. ಕೂಡಿಕೊಳ್ಳಲು ತಿಂಗಳುಗಳೇ ಹಿಡಿದವು.

ಎರಡೂ ಕಡೆಯವರು ಗೌರವ ಕೊಡುತ್ತಿದ್ದ ಒಬ್ಬ ಹಿರಿಯ ಅಂಗಡಿಯವರು ಇಬ್ಬರು ಗಂಡಸರನ್ನೂ ತಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ ರಾಜಿ ಮಾಡಿಸಿದರು. ಮಕ್ಕಳ ಮೇಲೆ ಕೈ ಮಾಡಿದ್ದು ತಪ್ಪು ಎಂದು ಬೇಕರಿಯವರು ಒಪ್ಪಿಕೊಂಡರಂತೆ, ಊದಿದ ಬಾಯಲ್ಲಿ ಅದನ್ನು ಹೇಳಲು ಅವರಿಗೆ ಬಹಳ ಹೊತ್ತು ಬೇಕಾಯಿತಂತೆ. ಫ್ಲ್ಯಾಟ್ ಅವರ ಹೆಸರಿನಲ್ಲಿದ್ದುದರಿಂದ ಡ್ರೈವರರ ಸಂಸಾರವೇ ಹೊರಡಬೇಕಾಯಿತು. ಫರ್ವಾನಿಯಾದಲ್ಲಿ ಹಳೆಯ ಕಟ್ಟಡವೊಂದರ ತುದಿಯ ಮಹಡಿಯಲ್ಲಿ ಒಂದೇ ಕೋಣೆ, ಆದರೆ ಅವರದ್ದೇ ಬಾಗಿಲು. ತಲೆಯ ಮೇಲೆ ವಿಮಾನಗಳು ಹಾರುತ್ತವೆ. ಅಲ್ಲಿ ಯಾರ ಸದ್ದೂ ಯಾರಿಗೂ ಲೆಕ್ಕಕ್ಕಿಲ್ಲ ಎಂದು ತಾಯಿ ಹೇಳಿದರು.

ಕೇಂದ್ರದ ಒಡತಿ ನನ್ನನ್ನು ಕರೆದು ಮಕ್ಕಳ ಮನೆಗೆ ಹೋಗುವುದು ನಿಮ್ಮ ಕೆಲಸವಲ್ಲ ಎಂದು ಗಟ್ಟಿಯಾಗಿ ಹೇಳಿದರು. ಗಂಡ ವಾರವಿಡೀ ಚುಟುಕಾಗಿ ಮಾತಾಡಿದರು. ಆದರೆ ಹೊಲಿಗೆಗೆ ಔಷಧ ಹಚ್ಚುತ್ತಿದ್ದವರು ಅವರೇ.

ಅಕ್ಕ ತಮ್ಮ ಮತ್ತೆ ಬಸ್ಸಿನಲ್ಲಿ ತಾಯಿಯ ಜೊತೆ ಬಂದರು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದ ಅಕ್ಕ ಚಾಪೆಯ ಮೇಲೆ ಕೂರಲಿಲ್ಲ. ನನ್ನ ಮುಂದೆ ನಿಂತು, ಇಂಗ್ಲಿಷಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದಳು. "ಕೈ ಹಿಂದೆ ಇಡ್ಬೇಕು ಅಂತ ನೀವು ಹೇಳಿದ್ರಿ. ನಾನು ಇಟ್ಟೆ. ಅಂಕಲ್ ಇಡ್ಲಿಲ್ಲ."

ನಾನು ನೆಲಕ್ಕೆ ಕೂತು ಅವಳ ಕಣ್ಣಿನ ಮಟ್ಟಕ್ಕೆ ಬಂದೆ. ದೊಡ್ಡವರು ಹೊಡೆಯಲು ಬಂದಾಗ ಆ ನಿಯಮ ಇಲ್ಲ ಎಂದೆ. ಆಗ ಕೈಯಿಂದ ಮುಖ ಮುಚ್ಚಿಕೊಳ್ಳಬೇಕು, ಬೊಬ್ಬೆ ಹಾಕಬೇಕು, ಜನ ಇದ್ದ ಕಡೆ ಓಡಬೇಕು. ಅವಳು ಅದನ್ನು ಮನಸ್ಸಿನಲ್ಲಿ ತೂಗಿ ನೋಡಿದಳು. ಹಾಗಾದರೆ ಅದನ್ನೂ ಪ್ರ್ಯಾಕ್ಟೀಸ್ ಮಾಡಬೇಕಲ್ಲ ಅಂದಳು. ಮಾಡಿದೆವು. ನಾಲ್ವರೂ ಮುಖಕ್ಕೆ ಕೈ ಅಡ್ಡ ಹಿಡಿದು ಬಾಗಿಲಿನ ತನಕ ಓಡಿ ಕೂಗಿದರು. ಕೆಳಗಿನ ಅಂಗಡಿಯವನು ಬೆಂಕಿ ಬಿತ್ತು ಎಂದುಕೊಂಡು ಬರಿಗಾಲಿನಲ್ಲಿ ಮೆಟ್ಟಿಲು ಹತ್ತಿ ಬಂದ. ಬಂದವನಿಗೆ ತಲೆಯಾಡಿಸುವ ಹುಡುಗಿಯೇ ಮುಂದೆ ಹೋಗಿ, ಇದು ಕ್ಲಾಸ್ ಎಂದು ಸಮಜಾಯಿಷಿ ಕೊಟ್ಟಳು.

ಒಂದು ದಿನ ತಾಯಿಯ ಬದಲು ತಂದೆ ಬಂದರು. ಡ್ಯೂಟಿಗೆ ಹೋಗುವ ದಾರಿ. ಇನ್ನೂ ಹೊತ್ತಿತ್ತು. ಒಳಗೆ ಕೂರಬಹುದಾ ಎಂದು ಬಾಗಿಲಲ್ಲಿ ನಿಂತು ಕೇಳಿದರು. ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೆ ಬರುವಂತೆ ಕೂತರು. ಅವರ ಬೆರಳ ಗೆಣ್ಣುಗಳ ಮೇಲೆ ಚರ್ಮ ಹೊಸದಾಗಿ ಬಂದು ತಿಳಿಯಾಗಿತ್ತು. ಆವತ್ತಿನ ಆಟ, ಹೊಸಬರಿಗೆ ಪ್ರಶ್ನೆ ಕೇಳುವುದು. ವಿಮಾನದ ಹುಡುಗ ಟ್ರೇಲರಿಗೆ ಎಷ್ಟು ಚಕ್ರ ಎಂದು ಕೇಳಿದ. ತಲೆಯಾಡಿಸುವ ಹುಡುಗಿ ರಾತ್ರಿ ಭಯವಾಗುವುದಿಲ್ಲವೇ ಎಂದು ಕೇಳಿದಳು. ಅವರು ಒಂದೊಂದು ಉತ್ತರಕ್ಕೂ ತುಂಬ ಹೊತ್ತು ತೆಗೆದುಕೊಳ್ಳುತ್ತಿದ್ದರು. ಅವರಿಗೂ ಮಾತು ರೂಢಿಯಿರಲಿಲ್ಲ ಎಂದು ನನಗೆ ಆಗ ಹೊಳೆಯಿತು.

ಮಗ ತನ್ನ ಸರದಿ ಬಂದಾಗ, ಸಿಟ್ಟು ಬಂದರೆ ನೀವು ಏನು ಮಾಡುತ್ತೀರಿ ಎಂದು ಕೇಳಿದ.

ಅವರು ನನ್ನ ಹುಬ್ಬಿನ ಕಲೆಯ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದರು. "ಹೊಡೀತೇನೆ," ಅಂದರು. "ನೀನು ನೋಡಿದ್ದೀಯಲ್ಲ."

ಅಕ್ಕ ಮುಂದಕ್ಕೆ ಬಾಗಿದಳು. "ಮೊದಲು ಹೇಳ್ಬೇಕು ಬಾಪಾ."

"ಎಂತ ಹೇಳುದು?"

ತಮ್ಮ ಒಂದು ಹೇಳಿದ, ಅವಳು ಅದು ಸರಿಯಲ್ಲ ಎಂದಳು, ವಿಮಾನದ ಹುಡುಗ ಇನ್ನೊಂದು ಹೇಳಿದ. ಜಗಳ ಹತ್ತಿಕೊಂಡಿತು. ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿರುವಾಗ ಅವರು ಆ ಸಣ್ಣ ಕುರ್ಚಿಯಲ್ಲಿ ಕೂತು, ಮಾತಾಡುವವರ ಬಾಯಿಯನ್ನೇ ನೋಡುತ್ತ, ಡ್ಯೂಟಿಯ ಹೊತ್ತು ಮೀರುವ ತನಕ ಕೇಳಿಸಿಕೊಂಡರು.